ಹನ್ನೆರಡು ತಿಂಗಳ ಬೆನ್ನುಗಳು

ವಾಷಿಂಗ್ಟನ್ ಸ್ಟೇಟಿನ ಕ್ಯಾನ್ಯನ್ ಪಾರ್ಕಿಗೆ ಬಂದ ಹೊಸತರಲ್ಲಿ ನಾನು ಓದಬಹುದಿತ್ತು, ದುಡಿಯುವ ಹಾಗಿರಲಿಲ್ಲ. ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿಯರಿಗೆ ಆಗ ಇದ್ದ ಕಾನೂನು ಅದು. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದವಳು ನಾನು. ಬೆಳಗಾದರೆ ಸೀಮೆಸುಣ್ಣದ ಪುಡಿ, ಮಕ್ಕಳ ಗಲಾಟೆ, ಮೊನೆ ಮುರಿದ ಪೆನ್ಸಿಲುಗಳ ನಡುವೆ ಇದ್ದು ಅಭ್ಯಾಸವಾಗಿತ್ತು. ಇಲ್ಲಿ ಗಂಡ ಆಫೀಸಿಗೆ ಹೋದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. "ಹೌಸ್‌ವೈಫಾ?" ಎಂದು ಯಾರಾದರೂ ಕೇಳಿದರೆ "ಅಲ್ಲ, ಡ್ರಾಯಿಂಗ್ ಟೀಚರ್" ಎನ್ನುತ್ತಿದ್ದೆ. "ಎಲ್ಲಿ?" ಎಂದರೆ "ಸದ್ಯಕ್ಕೆ ಎಲ್ಲೂ ಇಲ್ಲ" ಎನ್ನುತ್ತಿದ್ದೆ. ಪಕ್ಕದಲ್ಲಿ ನಿಂತ ಗಂಡನಿಗೆ ಮುಜುಗರವಾಗುತ್ತಿತ್ತು. ನನಗೆ ಆಗುತ್ತಿರಲಿಲ್ಲ.

ಓದಬಹುದು ಅಂದಿದ್ದಾರಲ್ಲ, ಓದೇ ಬಿಡೋಣ ಎಂದು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಚಿತ್ರಕಲೆಯ ಇತಿಹಾಸದ ತರಗತಿಗೆ ಸೇರಿಕೊಂಡೆ. ಪಾಠ ಮಾಡುತ್ತಿದ್ದವರು ಅರವತ್ತು ದಾಟಿದ ಒಬ್ಬ ಎತ್ತರದ ಹೆಂಗಸು. ದೀಪ ಆರಿಸಿ, ಪರದೆಯ ಮೇಲೆ ಚಿತ್ರ ಬಿಟ್ಟು, ಸ್ವಲ್ಪ ಹೊತ್ತು ಏನೂ ಮಾತಾಡದೆ ನಿಲ್ಲುವುದು ಅವರ ಕ್ರಮ. ಮೊದಲು ನೋಡಿ, ಆಮೇಲೆ ನಾನು ಹೇಳುವುದನ್ನು ಕೇಳಿ, ಎನ್ನುತ್ತಿದ್ದರು.

ಒಂದು ದಿನ ಅವರು ಹಾಗೆ ತೋರಿಸಿದ್ದು ಹಳೆಯ ಕ್ಯಾಲೆಂಡರುಗಳ ಚಿತ್ರಗಳನ್ನು. ಐನೂರು ವರ್ಷಗಳ ಹಿಂದೆ ಯುರೋಪಿನ ಸಿರಿವಂತರು ತಮ್ಮ ಪ್ರಾರ್ಥನೆಗೆಂದು ಕೈಯಲ್ಲಿ ಬರೆಸಿಕೊಳ್ಳುತ್ತಿದ್ದ ಪುಸ್ತಕಗಳಲ್ಲಿ ಮೊದಲ ಪುಟಗಳು ಕ್ಯಾಲೆಂಡರಿನವು. ತಿಂಗಳಿಗೊಂದು ಪುಟ. ಯಾವ ದಿನ ಯಾವ ಸಂತನ ಹಬ್ಬ ಎಂಬ ಪಟ್ಟಿಯ ಜೊತೆಗೆ ಆ ತಿಂಗಳು ಹೊಲದಲ್ಲಿ ನಡೆಯುವ ಕೆಲಸದ ಚಿತ್ರ. ಫೆಬ್ರವರಿಯಲ್ಲಿ ದ್ರಾಕ್ಷಿ ಬಳ್ಳಿ ಸವರುವವರು. ಜೂನಿನಲ್ಲಿ ಕುರಿಯ ಉಣ್ಣೆ ಕತ್ತರಿಸುವವರು. ಜುಲೈಯಲ್ಲಿ ಉದ್ದ ಹಿಡಿಯ ಕತ್ತಿ ಬೀಸಿ ಹುಲ್ಲು ಕೊಯ್ಯುವವರು, ಆಗಸ್ಟಿನಲ್ಲಿ ಗೋಧಿಯ ಕುಯ್ಲು. ಶರತ್ಕಾಲದಲ್ಲಿ ದ್ರಾಕ್ಷಿ ತುಳಿಯುವವರು, ಬೀಜ ಎರಚುವವರು, ನಾರು ಬಡಿಯುವ ಹೆಂಗಸರು. ಡಿಸೆಂಬರಿನಲ್ಲಿ ಹಂದಿ ಕೊಯ್ಯುವವರು. ಆಕಾಶಕ್ಕೆ ಹಚ್ಚಿದ ನೀಲಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಆ ಜನರನ್ನು ನೋಡಿದೆ. ಮೊಣಕಾಲಿನ ಹತ್ತಿರ ಬಟ್ಟೆಗೆ ತೇಪೆ. ಸೊಂಟಕ್ಕೆ ಸಿಕ್ಕಿಸಿದ ಸಾಣೆಕಲ್ಲು. ಮತ್ತೆ ಎಲ್ಲ ಪುಟಗಳಲ್ಲೂ ಬಗ್ಗಿದ ಬೆನ್ನುಗಳು.

"ಎಷ್ಟು ಶಾಂತವಾಗಿದೆ, ನೋಡಿದರೆ ಮನಸ್ಸು ತಂಪಾಗುತ್ತದೆ" ಎಂದ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಾತ.

ಅಲ್ಲಿಯವರೆಗೆ ಆ ತರಗತಿಯಲ್ಲಿ ಬಾಯಿ ಬಿಡದವಳು ನಾನು. ನನ್ನ ಇಂಗ್ಲಿಷಿನ ಬಗ್ಗೆ ನನಗೇ ಅಷ್ಟು ಭರವಸೆ ಇರಲಿಲ್ಲ. ಆದರೂ ಕೈ ಎತ್ತಿದೆ. "ಇವರು ಶಾಂತವಾಗಿಲ್ಲ. ಕೆಲಸ ಮಾಡುತ್ತಿದ್ದಾರೆ. ಮಾತಾಡಲು ಉಸಿರಿಲ್ಲ, ಅಷ್ಟೆ" ಎಂದೆ.

ಮೇಷ್ಟ್ರಮ್ಮ ನಗಲಿಲ್ಲ. "ಹತ್ತಿರ ಬಂದು ತೋರಿಸು" ಎಂದರು. ಎದ್ದು ಹೋಗಿ ಪರದೆಯ ಪಕ್ಕ ನಿಂತೆ. ಕುಯ್ಲಿನ ಚಿತ್ರದಲ್ಲಿ ಒಬ್ಬಳು ಹೆಂಗಸು ಸೊಂಟದ ಮೇಲೆ ಕೈ ಇಟ್ಟು ಎದ್ದು ನಿಂತಿದ್ದಳು. ಅವಳನ್ನು ತೋರಿಸಿದೆ. ಹೇಳಲು ಇನ್ನೂ ಇತ್ತು, ಇಂಗ್ಲಿಷಿನಲ್ಲಿ ಬರಲಿಲ್ಲ. ನನ್ನವ್ವ ಮಂಡ್ಯದ ಕಡೆ, ನಾಲೆಯ ಬಯಲಿನಲ್ಲಿ, ಬೇರೆಯವರ ಗದ್ದೆಗಳಲ್ಲಿ ನಾಟಿ, ಕಳೆ, ಕುಯ್ಲು ಮಾಡಿ ನನ್ನನ್ನು ಓದಿಸಿದವಳು. ಸಾಲಾಗಿ ಬಗ್ಗಿದ ಹೆಂಗಸರಲ್ಲಿ ಅವಳು ಯಾರು ಎಂದು ಬದುವಿನ ಮೇಲಿಂದ ಬೆನ್ನು ನೋಡಿಯೇ ನಾನು ಗುರುತಿಸುತ್ತಿದ್ದೆ. ಮುಖ ಕಾಣುತ್ತಿದ್ದದ್ದು ಊಟಕ್ಕೆ ಎದ್ದಾಗ ಮಾತ್ರ.

ಮೇಷ್ಟ್ರಮ್ಮ ಅಲ್ಲಿಯವರೆಗೆ ತೋರಿಸದಿದ್ದ ಒಂದು ಪುಟ ಹಾಕಿದರು. ಏಪ್ರಿಲ್. ಇಲ್ಲಿ ಕೆಲಸದವರೇ ಇರಲಿಲ್ಲ. ಗಂಡಸರೂ ಹೆಂಗಸರೂ ರೇಷ್ಮೆ ಉಟ್ಟು, ಹೂವಿನ ನಡುವೆ, ತೋಟದ ಗೋಡೆಯ ಒಳಗೆ ಅಡ್ಡಾಡುತ್ತಿದ್ದರು. "ಬೇರೆ ತಿಂಗಳುಗಳಿಗೆಲ್ಲ ಒಂದೊಂದು ಕೆಲಸ ಇದೆ. ಇವರದ್ದೇನು ಕೆಲಸ?" ಎಂದು ಕೇಳಿದರು ಅವರು. ಆಮೇಲೆ ತಾವೇ "ಹೂ ನೋಡುವುದು" ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ವರ್ಷದ ಏಪ್ರಿಲ್ ಬಂದಾಗ ನಮ್ಮ ಕನ್ನಡ ಬಳಗದವರೆಲ್ಲ ಸೇರಿ ಟ್ಯೂಲಿಪ್ ನೋಡಲು ಸ್ಕ್ಯಾಗಿಟ್ ಕಣಿವೆಗೆ ಹೊರಟೆವು. ಬಳಗ ದೊಡ್ಡದೇನಲ್ಲ. ಅದರ ಅಧ್ಯಕ್ಷರು ಬೆಂಗಳೂರಿನವರು, ಇಸ್ಸಾಕ್ವಾದ ಗುಡ್ಡದ ಮೇಲೆ ಮನೆ ಮಾಡಿದ್ದರು. ಈ ದೇಶಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ನಾವು ಬಂದಿಳಿದ ವಾರ ಅಕ್ಕಿ, ಬೇಳೆ, ಒಂದು ಹಳೆಯ ಕುಕ್ಕರ್ ಎಲ್ಲ ಕಾರಿನಲ್ಲಿ ತಂದುಕೊಟ್ಟವರು ಅವರೇ; ನನ್ನ ಗಂಡನಿಗೆ ಡ್ರೈವಿಂಗ್ ಟೆಸ್ಟಿಗೆ ಅಭ್ಯಾಸ ಮಾಡಿಸಿದವರೂ ಅವರೇ. ಅವರ ಮೇಲೆ ನನಗೆ ಗೌರವವಿತ್ತು. ಈಗಲೂ ಇದೆ.

ಹೆಂಗಸರೆಲ್ಲ ರೇಷ್ಮೆ ಸೀರೆ ಉಡಬೇಕು, ಹೂವಿನ ಮಧ್ಯೆ ಗ್ರೂಪ್ ಫೋಟೊ ಆಗಬೇಕು ಎಂದು ಮೊದಲೇ ಮಾತಾಗಿತ್ತು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ, ಮೇಲೆ ಜಾಕೆಟ್. ಫೋಟೊ ಹೊತ್ತಿಗೆ ಜಾಕೆಟ್ ತೆಗೆದು ಚಳಿಗೆ ಹಲ್ಲು ಕಡಿಯುತ್ತಾ ನಿಂತೆವು. ಕೆಂಪು, ಹಳದಿ, ನೇರಳೆ ಪಟ್ಟಿಗಳು ಬೆಟ್ಟದ ಬುಡದವರೆಗೂ ಹಾಸಿಕೊಂಡಿದ್ದವು. ಅಧ್ಯಕ್ಷರು ಕ್ಯಾಮೆರಾ ಹಿಡಿದು ಹಿಂದೆ ಮುಂದೆ ಸರಿದು ನೋಡಿದರು. ನಮ್ಮ ಹಿಂದಿನ ಸಾಲಿನಲ್ಲಿ ಹಳದಿ ಮಳೆಕೋಟು, ಉದ್ದನೆಯ ರಬ್ಬರ್ ಬೂಟು ಹಾಕಿದ ಒಂದಷ್ಟು ಜನ ಬಗ್ಗಿ, ಇನ್ನೂ ಅರಳದ ಮೊಗ್ಗುಗಳನ್ನು ಕಿತ್ತು ಕಿತ್ತು ಎಡಗೈ ತುಂಬ ಜೋಡಿಸಿಕೊಳ್ಳುತ್ತಿದ್ದರು.

"ಎಕ್ಸ್‌ಕ್ಯೂಸ್ ಮಿ! ಜಸ್ಟ್ ಟೂ ಮಿನಿಟ್ಸ್, ಪ್ಲೀಸ್" ಎಂದು ಅಧ್ಯಕ್ಷರು ಅವರಿಗೆ ಕೈ ಬೀಸಿದರು. ದನಿಯಲ್ಲಿ ಒರಟುತನವಿರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಸರಿಯಿರಿ ಎನ್ನುವಂತೆ ಹೇಳಿದರು. ಆ ಕೆಲಸದವರು ಫೋಟೊದ ಚೌಕಟ್ಟಿನಿಂದ ಆಚೆಗೆ ನಡೆದರು. ಕೊನೆಯಲ್ಲಿ ಹೋದವಳು ಒಬ್ಬ ಹೆಂಗಸು. ಮೂಗಿನವರೆಗೂ ಕರ್ಚೀಫು ಕಟ್ಟಿದ್ದಳು. ಆಚೆ ಹೋಗಿ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡಳು.

ಆ ಫೋಟೊ ಬಳಗದ ವೆಬ್‌ಸೈಟಿನಲ್ಲಿ ಬಹಳ ದಿನ ಇತ್ತು. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ನಾನೊಬ್ಬಳು ಕತ್ತು ಪಕ್ಕಕ್ಕೆ ತಿರುಗಿಸಿದ್ದೇನೆ.

ಫೋಟೊ ಮುಗಿದ ಮೇಲೆ ಕರ್ಚೀಫಿನ ಆ ಹೆಂಗಸಿನ ಹತ್ತಿರ ಹೋದೆ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಸ್ಪ್ಯಾನಿಷ್ ಬಾರದು. ಅವಳು ನನ್ನ ಸೀರೆಯ ಅಂಚನ್ನು ತೋರಿಸಿದಳು, ಕೆಸರಿನಲ್ಲಿ ನೆನೆದು ಕಪ್ಪಾಗಿತ್ತು. ಎತ್ತಿಕೋ ಎಂದು ಕೈಸನ್ನೆ ಮಾಡಿದಳು. ನಾನು ನೆರಿಗೆ ಎತ್ತಿ, ನಾಟಿ ಹಾಕುವಾಗ ಅವ್ವ ಕಟ್ಟುತ್ತಿದ್ದ ಹಾಗೆ ಮೊಣಕಾಲಿನವರೆಗೆ ಸೊಂಟಕ್ಕೆ ಸಿಕ್ಕಿಸಿದೆ. ಅವಳು ಕರ್ಚೀಫು ಕೆಳಗೆಳೆದು ದೊಡ್ಡದಾಗಿ ನಕ್ಕು, ಜೊತೆಯವರಿಗೆ ಕೂಗಿ ಏನೋ ಹೇಳಿದಳು. ಅವರೂ ನಕ್ಕರು. ನನ್ನ ವಯಸ್ಸಿನವಳೇ ಇರಬೇಕು.

"ಮೇಡಂ, ಅವ್ರ ಕೆಲ್ಸಕ್ಕೆ ಡಿಸ್ಟರ್ಬ್ ಮಾಡ್ಬೇಡಿ, ಬನ್ನಿ" ಎಂದು ಅಧ್ಯಕ್ಷರು ಹಿಂದಿನಿಂದ ಕರೆದರು.

ಅದೇ ವರ್ಷ ಬೇಸಿಗೆಯ ಆರಂಭದಲ್ಲಿ ಅಧ್ಯಕ್ಷರು ಮನೆಗೆ ಫೋನ್ ಮಾಡಿದರು. ಮುಂದಿನ ವರ್ಷಕ್ಕೆ ಬಳಗದಿಂದ ಒಂದು ಕ್ಯಾಲೆಂಡರ್ ಮಾಡೋಣ ಅಂತಿದ್ದೇವೆ, ಎಲ್ಲರ ಮನೆಗೂ ಒಂದೊಂದು, ಎಂದರು. "ನಮ್ಮಲ್ಲೇ ಆರ್ಟಿಸ್ಟ್ ಇರ್ಬೇಕಾದ್ರೆ ಹೊರಗಿನವ್ರು ಯಾಕೆ? ವಾಷಿಂಗ್ಟನ್ ಸ್ಟೇಟಿನ ಹನ್ನೆರಡು ತಿಂಗಳು. ತಿಂಗಳಿಗೊಂದು ಸೀನರಿ ಬರ್ಕೊಡಿ, ಸಾಕು."

ಒಪ್ಪಿಕೊಂಡೆ. ಫೋನ್ ಇಟ್ಟ ಕೂಡಲೇ ನನ್ನ ತಲೆಯಲ್ಲಿ ಬಂದು ಕೂತದ್ದು ಆ ಹಳೆಯ ಪ್ರಾರ್ಥನೆ ಪುಸ್ತಕಗಳು. ಅಲ್ಲಿಯ ಜನ ತಮ್ಮ ಸೀಮೆಯ ಹನ್ನೆರಡು ತಿಂಗಳುಗಳನ್ನು ಬರೆದ ಹಾಗೆಯೇ ಈ ಸೀಮೆಯ ಹನ್ನೆರಡು ತಿಂಗಳುಗಳನ್ನು ಬರೆಯಬೇಕು, ಯಾವ ತಿಂಗಳು ಯಾರು ಏನು ಕೆಲಸ ಮಾಡುತ್ತಾರೆ ಎಂದು. ಗಂಡನಿಗೆ ಹೇಳಿದೆ.

"ಅವ್ರು ಸೀನರಿ ಕೇಳಿದಾರೆ ಕಣೇ" ಎಂದರು.

"ಸೀನರಿಯಲ್ಲೇ ಇದಾರಲ್ಲರೀ ಆ ಕೆಲಸದವ್ರು. ನಾನೇನು ಹೊಸದಾಗಿ ತಂದು ನಿಲ್ಲಿಸ್ತಿಲ್ಲ."

ಅವರು ತಲೆ ಕೆರೆದುಕೊಂಡರು. ಆದರೆ ಶನಿವಾರ ಬಂದರೆ ಕಾರಿನ ಕೀ ತೆಗೆದುಕೊಂಡು ತಾವೇ "ಇವತ್ತು ಯಾವ ಕಡೆ?" ಎನ್ನುತ್ತಿದ್ದರು. ಬೇಸಿಗೆಯೆಲ್ಲ, ಚಳಿ ಹಿಡಿಯುವವರೆಗೂ ಸುತ್ತಿದೆವು. ಜೂನಿನಲ್ಲಿ ಸ್ಟ್ರಾಬೆರಿ. ನೆಲಕ್ಕೆ ಅಂಟಿ ಬೆಳೆಯುವ ಗಿಡ, ಕೀಳಬೇಕಾದರೆ ಎರಡಾಗಿ ಮಡಚಿಕೊಳ್ಳಲೇಬೇಕು. ಜುಲೈಯಲ್ಲಿ ಬ್ಲೂಬೆರಿ, ಸೊಂಟಕ್ಕೆ ಬಕೆಟ್ಟು ಕಟ್ಟಿಕೊಂಡು ಎರಡೂ ಕೈಯಲ್ಲಿ ಹಾಲು ಕರೆಯುವಂತೆ ಬಿಡಿಸುತ್ತಿದ್ದರು. ಆಗಸ್ಟಿನಲ್ಲಿ ಸ್ನೋಹೋಮಿಶ್ ಕಣಿವೆಯಲ್ಲಿ ಒಣಹುಲ್ಲಿನ ಕಟ್ಟುಗಳನ್ನು ಲಾರಿಗೆ ಎಸೆಯುವವರು. ಸೆಪ್ಟೆಂಬರಿನಲ್ಲಿ ಘಟ್ಟ ದಾಟಿ ಪೂರ್ವಕ್ಕೆ ಹೋದೆವು, ಸೇಬಿನ ತೋಟಗಳಿಗೆ. ಏಣಿಯ ತುದಿಯಲ್ಲಿ ನಿಂತು, ಎದೆಗೆ ಕಟ್ಟಿದ ಕ್ಯಾನ್ವಾಸ್ ಚೀಲ ತುಂಬಿಸಿಕೊಂಡು, ತುಂಬಿದ ಬಸುರಿಯ ಹಾಗೆ ಹಿಂದಕ್ಕೆ ವಾಲಿಕೊಂಡು ಕೆಳಗಿಳಿಯುತ್ತಿದ್ದರು. ಅಕ್ಟೋಬರಿನಲ್ಲಿ ಕುಂಬಳಕಾಯಿ ಎತ್ತುವವರು, ನವೆಂಬರಿನಲ್ಲಿ ಕ್ರಿಸ್‌ಮಸ್ ಮರಗಳನ್ನು ಕಡಿದು ಹೆಗಲ ಮೇಲೆ ಹೊರುವವರು.

ಎಲ್ಲ ಕಡೆಯೂ ಕೇಳಿಯೇ ಬರೆದೆ. ಬರೆಯಲಾ ಎಂದು ಪೆನ್ಸಿಲ್ ತೋರಿಸಿದರೆ ಕೆಲವರು ಬೇಡ ಎಂದರು, ಅಲ್ಲಿಂದ ಸುಮ್ಮನೆ ಬಂದೆ. ಕೆಲವರು ನಕ್ಕು ಕೆಲಸ ಮುಂದುವರಿಸಿದರು. ಸೇಬಿನ ತೋಟದ ಒಬ್ಬ ಮುದುಕ ಏಣಿಯಿಂದ ಇಳಿದು ಬಂದು ಸ್ಕೆಚ್ ನೋಡಿ, ತನ್ನ ಟೊಪ್ಪಿ ಸರಿಯಾಗಿ ಬಂದಿಲ್ಲ ಎಂದು ತೆಗೆದು ಕೈಗೆ ಕೊಟ್ಟ. ಜನವರಿಯಲ್ಲಿ ಹಿಮದಲ್ಲಿ ನಿಂತು ಇದೇ ಮರಗಳನ್ನು ಸವರುತ್ತೇವೆ ಎಂದು ಅವನೇ ನಟಿಸಿ ತೋರಿಸಿದ. ನಾನು ಕಣ್ಣಾರೆ ನೋಡದ ಚಳಿಗಾಲದ ತಿಂಗಳುಗಳನ್ನು ಹಾಗೆ ಕೇಳಿ ಕೇಳಿ ಬರೆದೆ.

ಏಪ್ರಿಲ್ ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಮುಂದೆ, ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ, ಹಳದಿ ಮಳೆಕೋಟಿನ ಹೆಂಗಸರು. ಎಡಗೈ ತುಂಬ ಮೊಗ್ಗು. ಅವರಲ್ಲಿ ಒಬ್ಬಳು ಸೊಂಟದ ಮೇಲೆ ಕೈ ಇಟ್ಟು ನೆಟ್ಟಗೆ ನಿಂತವಳು. ಹಿಂದೆ, ಬೆಟ್ಟದ ಬುಡದಲ್ಲಿ, ಬೆರಳುದ್ದದ ನಾವು. ರೇಷ್ಮೆ ಸೀರೆಗಳು, ಬೆನ್ನು ಈ ಕಡೆ, ಮುಖ ಯಾವುದೋ ಕ್ಯಾಮೆರಾದ ಕಡೆ. ನಾನೂ ಅದರಲ್ಲಿದ್ದೆ, ಕೇಸರಿ ಸೀರೆಯಲ್ಲಿ.

ನವೆಂಬರಿನ ಕೊನೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಬಳಗದ ಸಭೆ. ಹನ್ನೆರಡು ಚಿತ್ರಗಳನ್ನೂ ಉದ್ದ ಮೇಜಿನ ಮೇಲೆ ಹರಡಿದೆ. ಎಲ್ಲರೂ ಸುತ್ತ ನಿಂತರು. "ಸಕತ್ತಾಗಿದೆ" ಎಂದರು ಒಬ್ಬರು. ಬಣ್ಣ ಚೆನ್ನಾಗಿ ಕೂತಿದೆ ಎಂದರು ಇನ್ನೊಬ್ಬರು. ಅಧ್ಯಕ್ಷರು ಒಂದೊಂದನ್ನೇ ನೋಡುತ್ತ ಬಂದು ಏಪ್ರಿಲ್ ಮುಂದೆ ನಿಂತರು.

"ಈ ಹಿಂದೆ ಇರೋದು ನಾವಾ?"

"ಹೌದು ಸರ್."

"ನಮ್ಮನ್ನ ಇಷ್ಟು ಸಣ್ಣಕ್ಕೆ ಮಾಡಿ, ಅವ್ರನ್ನ ಇಷ್ಟು ದೊಡ್ಡಕ್ಕೆ?"

"ಅವ್ರು ಹತ್ತಿರ ಇದ್ರು, ನಾವು ದೂರ ಇದ್ವಿ."

ಯಾರೋ ನಗಲು ಹೋಗಿ ನುಂಗಿಕೊಂಡರು. ಅಧ್ಯಕ್ಷರು ಕುರ್ಚಿ ಎಳೆದು ಕೂತರು. "ನೋಡಿ ಮೇಡಂ, ನಿಮ್ಮ ಕೈಯಲ್ಲಿ ಕಲೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಇದು ಮನೆ ಮನೆ ಗೋಡೆಗೆ ಹಾಕೋ ಕ್ಯಾಲೆಂಡರ್. ಬೆಳಗ್ಗೆ ಎದ್ದು ಕಾಫಿ ಕುಡೀತಾ ನೋಡೋದು. ಹೂವಿರ್ಲಿ, ಸೇಬಿರ್ಲಿ, ಬೆಟ್ಟ ಇರ್ಲಿ. ಈ ಜನರನ್ನ ತೆಗೆದುಬಿಡಿ."

"ತೆಗೆಯಲ್ಲ ಸರ್."

"ಎಲ್ಲ ಬೇಡಪ್ಪ. ಏಪ್ರಿಲ್ ಒಂದನ್ನಾದ್ರೂ ಬದಲಾಯಿಸಿ."

"ಅದನ್ನಂತೂ ಇಲ್ಲ."

ಗಂಡ ಮೇಜಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ಒತ್ತಿದರು. ನಾನು ಕಾಲು ಆಚೆ ತೆಗೆದೆ.

ಆಗ ಅಧ್ಯಕ್ಷರು ಹೇಳಿದ ಮಾತನ್ನು ನಾನು ಈವರೆಗೂ ಹಗುರವಾಗಿ ತೆಗೆದುಕೊಂಡಿಲ್ಲ. "ನಮ್ಮ ತಂದೆ ಕನಕಪುರದ ಹತ್ತಿರ ಕೂಲಿ ಮಾಡ್ತಿದ್ರು. ನಿಮ್ಗೆ ಗೊತ್ತಿಲ್ಲ, ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಆ ಬಗ್ಗೋದನ್ನ ಬಿಡ್ಸಕ್ಕೆ ಅಂತಾನೆ ನನ್ನ ಬೆಂಗ್ಳೂರಲ್ಲಿ ಹಾಸ್ಟೆಲಿಗೆ ಹಾಕಿದ್ರು. ನಾನು ಅಷ್ಟು ದೂರದಿಂದ ಇಲ್ಲಿಗೆ ಬಂದಿದೀನಿ. ನೀವು ಅದನ್ನೇ ತಂದು ನನ್ನ ಗೋಡೆಗೆ ಹಾಕ್ತೀರಲ್ರೀ."

ಅವರ ನೋವು ಸುಳ್ಳಲ್ಲ ಎಂದು ನನಗೆ ಗೊತ್ತಾಯಿತು. ಆದರೆ ಆ ನೋವಿಗೆ ಆ ಹೆಂಗಸನ್ನು ಇನ್ನೊಂದು ಸಲ ಚೌಕಟ್ಟಿನಿಂದ ಆಚೆ ಕಳಿಸಲು ನಾನು ತಯಾರಿರಲಿಲ್ಲ.

"ನಮ್ಮವ್ವ ಇನ್ನೂ ಬಗ್ಗುತ್ತಾಳೆ ಸರ್" ಎಂದೆ. "ನನಗೆ ಅವಳನ್ನ ಗೋಡೆ ಮೇಲೆ ಹಾಕ್ಕೊಳ್ಳೋಕೆ ನಾಚಿಕೆ ಇಲ್ಲ. ನಿಮ್ಮ ತಂದೆಯವರನ್ನ ಹಾಕ್ಕೊಳ್ಳೋಕೂ ನನಗೆ ನಾಚಿಕೆ ಇಲ್ಲ. ಮತ್ತೆ, ಪ್ರತಿ ಸಂಕ್ರಾಂತಿಗೆ ನಾವು ಸ್ಟೇಜ್ ಮೇಲೆ ಸುಗ್ಗಿ ಡ್ಯಾನ್ಸ್ ಮಾಡಿಸ್ತೀವಿ. ಮಕ್ಕಳ ಕೈಗೆ ಪ್ಲಾಸ್ಟಿಕ್ ಕುಡುಗೋಲು ಕೊಡ್ತೀವಿ, ಚಪ್ಪಾಳೆ ತಟ್ತೀವಿ. ಕುಡುಗೋಲು ಸ್ಟೇಜಿಗೆ ಆಗುತ್ತೆ, ಗೋಡೆಗೆ ಆಗಲ್ವಾ?"

"ಅದು ಸಂಸ್ಕೃತಿ ರೀ!"

"ಇದೂ ಅದೇ ಕೆಲಸ ಸರ್."

ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಫೈಲಿಗೆ ಹಾಕಿಕೊಂಡೆ. ಕ್ಯಾಲೆಂಡರಿಗೆ ಫೋಟೊಗಳನ್ನೇ ಹಾಕುವುದು ಎಂದು ಅಲ್ಲೇ ತೀರ್ಮಾನವಾಯಿತು. ಸಂಕ್ರಾಂತಿಯ ಸುಗ್ಗಿ ಡ್ಯಾನ್ಸಿಗೆ ಹಿಂದಿನ ಪರದೆ ಬರೆಯುವುದು ನನ್ನದೇ ಜವಾಬ್ದಾರಿಯಾಗಿತ್ತು. ಅದನ್ನೂ ಬರೆಯುವುದಿಲ್ಲ ಎಂದು ಹೇಳಿಬಂದೆ.

ಮನೆಗೆ ಬರುವಾಗ ಗಂಡ ಸಿಟ್ಟಾಗಿದ್ದರು. "ಕಷ್ಟಕ್ಕಾದವ್ರು ಅವ್ರು. ಇಷ್ಟು ಜನರ ಮುಂದೆ ಹಂಗೆ ಮಾತಾಡ್ಬೇಕಿತ್ತಾ?"

"ಜನರ ಮುಂದೆ ತೆಗೀರಿ ಅಂದಿದ್ದು ಅವ್ರು. ಜನರ ಮುಂದೇನೆ ತೆಗೆಯಲ್ಲ ಅಂದೆ."

ಮರುದಿನ ಬೆಳಗ್ಗೆ ಅವ್ವನಿಗೆ ಫೋನ್ ಮಾಡಿದೆ. ಚಿತ್ರಗಳ ಫೋಟೊಗಳನ್ನು ಪಕ್ಕದ ಮನೆಯ ಹುಡುಗಿಯ ಮೊಬೈಲಿಗೆ ಕಳಿಸಿದ್ದೆ. ಅವ್ವ ಅವನ್ನು ನೋಡಿಕೊಂಡು ಕೂತಿದ್ದಳು.

"ಇದೇನವ್ವಾ, ಹೂವ ಮೊಗ್ಗಲ್ಲೇ ಕೀಳ್ತಾವ್ರಲ್ಲ, ಅರಳಾಕೆ ಬುಡಾಕಿಲ್ವಾ?"

"ದೂರದ ಊರಿಗೆ ಕಳಿಸ್ತಾರಂತೆ ಕಣವ್ವ. ಅಲ್ಲಿಗೋಗಿ ಅರಳ್ತವೆ."

"ಈ ಹಳದಿ ಕೋಟಿನೋಳು ಎಲ್ಲಿಯೋಳು? ನಮ್ಮ ಕಡೆಯೋಳ್ ಥರಾನೆ ಅವ್ಳೆ. ಸೊಂಟ ಹಿಡ್ಕಂಡೈತೆ ಅವಳ್ಗೆ, ನೋಡು. ಬಿಸ್ನೀರು ಹಾಕ್ಕಳಾಕೇಳು."

ಸಭೆಯಲ್ಲಿ ನಡೆದದ್ದನ್ನು ಹೇಳಿದೆ. "ನೀ ಬರೆದಿದ್ದೀಯ, ಇಕ್ಕೊ. ಅವ್ರು ಬ್ಯಾಡ ಅಂದ್ರೆ ಬೇರೆಯೋರು ನೋಡ್ತರೆ" ಎಂದಳು. ಅದಾದ ಮೇಲೆ ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟಳು.

ಬೇರೆಯವರು ನೋಡಬೇಕಾದರೆ ಎಲ್ಲಿ ಹಾಕುವುದು? ಆ ಉತ್ತರ ಕೊಟ್ಟವಳು ಬಳಗದಲ್ಲಿ ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ಪಕ್ಕದ ಲಿನ್‌ವುಡ್‌ನಲ್ಲಿ ಮನೆ ಮಾಡಿದ್ದವಳು. ಸಭೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ವಾರ ಬಿಟ್ಟು ಮನೆಗೇ ಬಂದಳು.

"ನನಗೆ ಆ ಚಿತ್ರ ಇನ್ನೊಮ್ಮೆ ತೋರಿಸಿ ಮಾರಾಯ್ತಿ" ಎಂದಳು. ನೆಲದ ಮೇಲೆ ಕೂತು ಎಲ್ಲವನ್ನೂ ನೋಡಿದಳು. "ನಮ್ಮಲ್ಲಿ ಹೊಸ ತೆನೆಯ ಹಬ್ಬ ಉಂಟು, ಸೆಪ್ಟೆಂಬರಿನಲ್ಲಿ. ತೆನೆಯನ್ನು ಇಗರ್ಜಿಗೆ ತಗೊಂಡು ಹೋಗಿ ಆಶೀರ್ವಾದ ಮಾಡಿಸಿ ಮನೆಗೆ ತರುವುದು. ಸಣ್ಣವಳಿರುವಾಗ ನನಗೆ ಒಂದು ಪ್ರಶ್ನೆ ಇತ್ತು, ತೆನೆಗೆ ಆಶೀರ್ವಾದ ಮಾಡ್ತಾರೆ, ಕೊಯ್ದವರಿಗೆ ಯಾಕೆ ಮಾಡುವುದಿಲ್ಲ ಅಂತ. ಕೇಳಿದ್ದಕ್ಕೆ ಅಮ್ಮ ಬೈದಿದ್ದರು." ಚಿತ್ರಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, "ಸಂಕ್ರಾಂತಿಗೆ ಬಾಡಿಗೆಗೆ ಹಿಡಿಯುವ ಹಾಲ್‌ನಲ್ಲಿ ಊಟದ ಕೋಣೆಗೆ ಹೋಗುವ ಉದ್ದ ಪ್ಯಾಸೇಜ್ ಉಂಟಲ್ಲ, ಅದು ನನ್ನ ಸುಪರ್ದಿಯಲ್ಲಿ. ಅಲ್ಲಿ ಹಾಕಿ. ಊಟಕ್ಕೆ ಕ್ಯೂ ನಿಂತವರು ಬೇರೆ ಎಲ್ಲಿ ನೋಡ್ತಾರೆ?" ಎಂದಳು.

ಕದ್ದು ಹಾಕುವ ಮನಸ್ಸು ನನಗಿರಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿ, ಸಂಕ್ರಾಂತಿಯ ದಿನ ಪ್ಯಾಸೇಜಿನಲ್ಲಿ ಚಿತ್ರಗಳನ್ನು ತೂಗುಹಾಕುತ್ತೇನೆ ಎಂದು ತಿಳಿಸಿದೆ. "ನಾನು ಪರ್ಮಿಷನ್ ಕೊಟ್ಟಿಲ್ಲ" ಎಂದರು. "ಕೇಳ್ತಿಲ್ಲ ಸರ್, ಹೇಳ್ತಿದೀನಿ. ನಾನೂ ಬಳಗದ ಮೆಂಬರ್" ಎಂದೆ.

ಲಿನ್‌ವುಡ್‌ನ ಆ ಬಾಡಿಗೆ ಹಾಲ್‌ಗೆ ಸಂಕ್ರಾಂತಿಯ ಬೆಳಗ್ಗೆ ನಾನೂ ನನ್ನ ಗಂಡನೂ ಎಲ್ಲರಿಗಿಂತ ಮೊದಲು ಹೋದೆವು. ಹೌದು, ಅವರೂ ಬಂದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಏಣಿ ಹಿಡಿದವರು ಅವರೇ. ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಗೋಣಿದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹನ್ನೆರಡನ್ನೂ ಸಾಲಾಗಿ ತೂಗುಹಾಕಿದೆವು. ಪ್ರತಿಯೊಂದರ ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ತಿಂಗಳ ಹೆಸರು, ಕೆಲಸದ ಹೆಸರು: ಜನವರಿ, ಮರ ಸವರುವುದು. ಏಪ್ರಿಲ್, ಮೊಗ್ಗು ಕೀಳುವುದು, ಹೂ ನೋಡುವುದು.

ಅಧ್ಯಕ್ಷರು ಜರಿ ಅಂಚಿನ ಪಂಚೆಯಲ್ಲಿ ಬಂದರು. ನೋಡಿದರು. "ಇಳಿಸಿ ಇದನ್ನ" ಎಂದರು.

"ಇಳಿಸಲ್ಲ ಸರ್."

"ಹಾಲ್ ಬುಕ್ ಮಾಡಿರೋದು ಬಳಗ."

"ಬಳಗದಲ್ಲಿ ನಾನಿದೀನಿ. ನೀವೇ ಕೈಯಾರೆ ಇಳಿಸಿದ್ರೆ ನಾನು ತಡೆಯಲ್ಲ. ಆದ್ರೆ ನಾನು ಇಳಿಸಲ್ಲ."

ಅವರ ಕೈ ದಾರದವರೆಗೂ ಹೋಯಿತು. ಮೊದಲ ಕ್ಲಿಪ್ಪಿನ ಹತ್ತಿರ ನಿಂತಿತು. ಅಷ್ಟರಲ್ಲಿ ಎಳ್ಳುಬೆಲ್ಲದ ಡಬ್ಬ ಹೊತ್ತ ಹೆಂಗಸರು ಒಳಗೆ ಬಂದರು. ಅಧ್ಯಕ್ಷರು ಕೈ ಹಿಂತೆಗೆದುಕೊಂಡು, ಮುಖ ಬಿಗಿದುಕೊಂಡು ಸ್ಟೇಜಿನ ಕಡೆ ನಡೆದುಬಿಟ್ಟರು.

ಊಟದ ಹೊತ್ತಿಗೆ ಕ್ಯೂ ಬಾಗಿಲಿನಿಂದ ಹೊರಗೆ ಬೆಳೆಯಿತು. ಕಾಗದದ ತಟ್ಟೆ ಹಿಡಿದ ಜನ ಜನವರಿಯಿಂದ ಡಿಸೆಂಬರಿನವರೆಗೆ ಒಂದೊಂದೇ ಹೆಜ್ಜೆ ಸರಿದರು. ಕೆಲವರು ಮೊಬೈಲು ನೋಡಿಕೊಂಡೇ ಹೋದರು. "ಹಬ್ಬದ ದಿನ ಇದೆಲ್ಲ ಯಾಕೆ ಬೇಕಿತ್ತು" ಎಂದು ಒಬ್ಬರು ನನಗೆ ಕೇಳುವ ಹಾಗೆಯೇ ಹೇಳಿದರು. "ಸುಗ್ಗಿ ಹಬ್ಬ ಅಲ್ವಾ, ಅದಕ್ಕೆ" ಎಂದೆ. ಸುಗ್ಗಿ ಡ್ಯಾನ್ಸ್ ಮುಗಿಸಿ, ಕುಪ್ಪಸ ಸೀರೆಯಲ್ಲೇ ಇದ್ದ ಒಬ್ಬ ಪುಟ್ಟ ಹುಡುಗಿ ಅಮ್ಮನ ಕೈ ಜಗ್ಗಿ, "ವೈ ಈಸ್ ಎವ್ರಿಬಡಿ ಬೆಂಡಿಂಗ್?" ಎಂದು ಕೇಳಿದಳು. ಅಮ್ಮ ನನ್ನ ಕಡೆ ನೋಡಿದಳು. "ಹಣ್ಣು ಕೆಳಗಿದೆ ಪುಟ್ಟಾ, ಅದಕ್ಕೆ" ಎಂದೆ. ಅವಳು ಅಲ್ಲೇ ಬಗ್ಗಿ ನೆಲ ಮುಟ್ಟಿ, ಎಷ್ಟು ಹೊತ್ತು ಹಾಗಿರಬಹುದು ಎಂದು ನೋಡಿದಳು. ಅಮ್ಮ ಎಳೆದುಕೊಂಡು ಹೋದಳು.

ಏಪ್ರಿಲ್ ಮುಂದೆ ಕ್ಯೂ ನಿಂತುಬಿಟ್ಟಿತು. ಟ್ಯೂಲಿಪ್ ನೋಡಲು ಬಂದಿದ್ದ ಹೆಂಗಸರು ತಮ್ಮ ತಮ್ಮ ಸೀರೆಗಳನ್ನು ಹುಡುಕುತ್ತಿದ್ದರು.

"ಈ ಹಸಿರು ನಂದು, ಅಲ್ವೇನ್ರೀ?"

"ಹೌದು."

"ಮುಖಾನೇ ಬರ್ದಿಲ್ವಲ್ಲ!"

"ಕ್ಯಾಮೆರಾ ಆ ಕಡೆ ಇತ್ತಲ್ಲ."

ಆಮೇಲೆ ಹಸಿರು ಸೀರೆಯವಳು ಮುಂದಿದ್ದ ಮಳೆಕೋಟಿನವರನ್ನು ನೋಡಿದಳು. "ಇವ್ರು ಅಲ್ಲಿ ಇದ್ರಾ? ನಾನು ನೋಡ್ಲೇ ಇಲ್ಲ ಕಣ್ರೀ" ಎಂದಳು. ಹುಸಿ ಮಾತಾಗಿರಲಿಲ್ಲ. ನಿಜವಾಗಿಯೂ ನೋಡಿರಲಿಲ್ಲ. ಮುಂದೆ ಸರಿಯುವ ಮೊದಲು, ಇದರ ಕ್ಯಾಲೆಂಡರ್ ಸಿಗುತ್ತದೆಯೇ ಎಂದು ಕೇಳಿದಳು. ಅವಳ ಹಿಂದೆ ನಿಂತಿದ್ದವಳೂ ಕೇಳಿದಳು.

ಸಂಜೆ ಚಿತ್ರ ಇಳಿಸುವಾಗ ಮಂಗಳೂರಿನವಳು ಕೈ ಒರೆಸಿಕೊಳ್ಳುತ್ತ ಬಂದು, "ಎಂತ, ಪ್ರಿಂಟ್ ಮಾಡುವುದಾ?" ಎಂದಳು. ಜನವರಿ ಅರ್ಧ ಮುಗಿದಿತ್ತು. ಆದರೂ ಮಾಡಿಸಿದೆವು. ಜನವರಿಯ ಪುಟ ಹಾಗೇ ಇರಲಿ, ಹಳೆಯದಾದರೇನು ಎಂದೆ. ಬೇಕೆಂದವರಿಗೆಲ್ಲ ಕೊಟ್ಟೆವು, ಕಾಲೇಜಿನ ಮೇಷ್ಟ್ರಮ್ಮನಿಗೂ ಒಂದು. ಅವರು ತಿರುವಿ ನೋಡಿ ಅಕ್ಟೋಬರಿನಲ್ಲಿ ನೆರಳು ತಪ್ಪಾಗಿ ಬಿದ್ದಿದೆ ಎಂದರು. ಸರಿಯಾಗಿಯೇ ಹೇಳಿದ್ದರು.

ಅಧ್ಯಕ್ಷರು ಅದನ್ನು ತೆಗೆದುಕೊಳ್ಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಂಡಿಯನ್ ಅಂಗಡಿಯ ಸಾಲಿನಲ್ಲಿ ಸಿಕ್ಕರೆ ಇಬ್ಬರೂ ತಲೆಯಾಡಿಸುತ್ತಿದ್ದೆವು. ಒಮ್ಮೆ ಕೊತ್ತಂಬರಿ ಕಟ್ಟು ಆರಿಸುತ್ತಿದ್ದಾಗ, "ನಿಮ್ಮ ತಾಯಿ ಹೇಗಿದಾರೆ?" ಎಂದು ಕೇಳಿದರು. "ಚೆನ್ನಾಗಿದಾರೆ ಸರ್" ಎಂದೆ. ಅಷ್ಟೇ. ಬಳಗದ ಸಮಿತಿಗೆ ನನ್ನನ್ನು ಮತ್ತೆ ಕರೆಯಲಿಲ್ಲ. ಅದರಿಂದ ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಯುಗಾದಿಯ ದಿನ ಗಂಡನೊಬ್ಬನನ್ನೇ ಕಳಿಸಿ ಮನೆಯಲ್ಲಿ ಕೂತು ಅತ್ತದ್ದೂ ಉಂಟು. ಆದರೆ ಚಿತ್ರ ಬದಲಾಯಿಸಬೇಕಿತ್ತು ಎಂದು ಒಂದು ದಿನವೂ ಅನ್ನಿಸಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಕಾನೂನು ಬದಲಾಗಿ ನಮ್ಮಂಥ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿತು. ಕಾರ್ಡು ಕೈಗೆ ಬಂದ ಕೂಡಲೇ ಒಂದು ಸಣ್ಣ ಕೋಣೆ ಬಾಡಿಗೆ ಹಿಡಿದು ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ಶುರು ಮಾಡಿದೆ. ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಹೇಳಿಕೊಡುವುದಕ್ಕೆ ಅಷ್ಟು ಸಾಕಿತ್ತು.

ಒಂದು ವಾರ, ನಿಮ್ಮ ಮನೆಯ ಚಿತ್ರ ಬರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ. ಮುಂದಿನ ಶನಿವಾರ ಒಬ್ಬ ಹುಡುಗಿಯ ತಂದೆ ಕಾಗದ ಹಿಡಿದುಕೊಂಡು ಕ್ಲಾಸಿನ ಒಳಗೇ ಬಂದರು. ದೊಡ್ಡ ಮನೆಯವರು, ಬೇಸರವಾಗಿತ್ತು.

"ನೋಡಿ ಮೇಡಂ, ಮನೆ ಬರೆಯಮ್ಮ ಅಂದ್ರೆ ಲಾನ್ ಕತ್ತರಿಸಕ್ಕೆ ಬರೋನನ್ನ ಬರೆದಿದಾಳೆ. ಇಡೀ ಪೇಜಿಗೆ ಅವ್ನೇ. ಮನೆ ಎಲ್ಲೋ ಮೂಲೇಲಿದೆ."

ಕಾಗದ ತೆಗೆದುಕೊಂಡು ನೋಡಿದೆ. ಮಷೀನು ತಳ್ಳುವ ಮನುಷ್ಯನ ಕಿವಿಗೆ ದೊಡ್ಡ ಹೆಡ್‌ಫೋನು, ಬೂಟಿಗೆ ಅಂಟಿದ ಹುಲ್ಲು, ಬೆನ್ನ ಮೇಲೆ ಬೆವರಿನ ಕಲೆ. ಹುಡುಗಿ ಕಿಟಕಿಯಲ್ಲಿ ನಿಂತು ಬಹಳ ಹೊತ್ತು ನೋಡಿರಬೇಕು.

"ಬೆವರಿನ ಕಲೆ ಹೇಗೆ ಹಚ್ಚಿದಾಳೆ ನೋಡಿ ಸರ್. ಎಂಟು ವರ್ಷದ ಮಗುವಿಗೆ ಇದು ಸುಲಭ ಅಲ್ಲ" ಎಂದೆ.

"ಅದು ಸರಿ. ಮನೆ ಮುಂದಕ್ಕೆ ಬರೋ ಹಾಗೆ ಇನ್ನೊಂದ್ಸಲ ಬರೆಸ್ತೀರಾ?"

"ಇಲ್ಲ ಸರ್, ಇದನ್ನ ಬದಲಾಯಿಸಲ್ಲ. ಇನ್ನೊಂದು ಬೇಕು ಅಂದ್ರೆ ಅವಳೇ ಬರೀಲಿ" ಎಂದು, ಪಿನ್ನು ತೆಗೆದುಕೊಂಡು ಅವರ ಕಣ್ಣ ಮುಂದೆಯೇ ಅದನ್ನು ಬೋರ್ಡಿಗೆ ಚುಚ್ಚಿದೆ. ಅವರು ಮಗಳ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಹುಡುಗಿ ಆಗಲೇ ತನ್ನ ಜಾಗದಲ್ಲಿ ಕೂತು ಹೊಸ ಹಾಳೆ ಬಿಚ್ಚಿದ್ದಳು.